ರಾತ್ರಿ ಒಂಬತ್ತರ ಇಂಟರ್ನೆಟ್

ದೇಶದ ಪ್ರತಿ ಪ್ರಜೆಗೂ 2022ರೊಳಗೆ 50 ಎಂಬಿಪಿಎಸ್ ವೇಗದ ಬ್ರಾಡ್‌ಬ್ಯಾಂಡ್ ಕೊಡುತ್ತೇವೆ ಎಂದು 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ ಹೇಳಿತ್ತು. 2022 ಬಂತು, ಹೋಯಿತು. ಮರುವರ್ಷ ಜನವರಿ 25ರಂದು ದೂರಸಂಪರ್ಕ ಇಲಾಖೆ ಬ್ರಾಡ್‌ಬ್ಯಾಂಡ್‌ನ ವ್ಯಾಖ್ಯೆಯನ್ನು ತಿದ್ದಿತು. ಹೊಸ ಕನಿಷ್ಠ ವೇಗ 2 ಎಂಬಿಪಿಎಸ್. 2004ರಲ್ಲಿ ಅದು 256 ಕೆಬಿಪಿಎಸ್ ಇತ್ತು, 2013ರಲ್ಲಿ 512 ಆಯಿತು, ಆಮೇಲೆ ಒಂಬತ್ತೂವರೆ ವರ್ಷ ಅಲ್ಲೇ ಕೂತಿತ್ತು. ಆ ಲೆಕ್ಕದಲ್ಲಿ 2 ಎಂಬಿಪಿಎಸ್ ಎನ್ನುವುದು ದೊಡ್ಡ ಜಿಗಿತವೇ. ಆದರೆ ಅಧಿಸೂಚನೆಯನ್ನು ಕೊನೆಯವರೆಗೆ ಓದಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಅಷ್ಟು ವೇಗ ಕೊಡುವ ಸಾಮರ್ಥ್ಯ ಆ ಸಂಪರ್ಕಕ್ಕೆ ಇದ್ದರೆ ಸಾಕು, ಅದೂ ಕಂಪನಿಯ ಕೇಂದ್ರದಿಂದ ಎಣಿಸಿದಂತೆ. ರಾತ್ರಿ ಒಂಬತ್ತಕ್ಕೆ ನಿಮ್ಮ ಮನೆಯ ಲ್ಯಾಪ್‌ಟಾಪಿಗೆ ಆ ಎರಡು ಎಂಬಿಪಿಎಸ್ ತಲುಪಿಸಲೇಬೇಕೆಂಬ ಹೊಣೆ ಅದರಲ್ಲಿ ಯಾರ ಮೇಲೂ ಇಲ್ಲ.

ಈ ಖಾಲಿ ಜಾಗ ಇಷ್ಟು ದಿನ ನಮಗೆ ಅಷ್ಟಾಗಿ ಚುಚ್ಚಿಲ್ಲ. ಸಿನಿಮಾ ನಡುವೆ ಚಕ್ರ ತಿರುಗಿದರೆ ಬೈದುಕೊಂಡು ಸುಮ್ಮನಾಗುತ್ತೇವೆ. ಮುಂದಿನ ಕೆಲವು ವರ್ಷ ಹಾಗಿರುವುದಿಲ್ಲ ಎಂದು ಹೇಳಲು ನನ್ನ ಬಳಿ ಇರುವುದು ಭವಿಷ್ಯವಾಣಿಯಲ್ಲ, ಒಂದಿಷ್ಟು ಲೆಕ್ಕ.

ಮೊದಲು ಮನೆಗೆ ಬರುವ ಲೈನ್ ಹೇಗೆ ಬರುತ್ತದೆ ನೋಡೋಣ. ನಮ್ಮ ಊರುಗಳ ಫೈಬರ್ ಸಂಪರ್ಕದಲ್ಲಿ ಹೆಚ್ಚಿನವು ಜಿಪಾನ್ ಎಂಬ ತಂತ್ರಜ್ಞಾನದವು. ಕಂಪನಿಯ ಅಥವಾ ಕೇಬಲ್‌ನವರ ಆಫೀಸಿನಲ್ಲಿ ಒಎಲ್‌ಟಿ ಎಂಬ ಪೆಟ್ಟಿಗೆ ಇರುತ್ತದೆ. ಅದರ ಒಂದೊಂದು ಪೋರ್ಟಿನಿಂದ ಒಂದೊಂದು ಗಾಜಿನ ಎಳೆ ಹೊರಡುತ್ತದೆ. ಬೀದಿಯ ಕರೆಂಟ್ ಕಂಬಕ್ಕೆ ಕಟ್ಟಿದ ಕಪ್ಪು ಡಬ್ಬಿಯೊಳಗೆ ಬೆರಳುದ್ದದ ಸ್ಪ್ಲಿಟರ್ ಇರುತ್ತದೆ. ಅದಕ್ಕೆ ಕರೆಂಟ್ ಬೇಡ, ಬುದ್ಧಿಯೂ ಇಲ್ಲ. ಒಳಬಂದ ಬೆಳಕನ್ನು 32 ಅಥವಾ 64 ಪಾಲು ಮಾಡಿ ಅಷ್ಟು ಮನೆಗಳಿಗೆ ಹಂಚುವುದಷ್ಟೇ ಅದರ ಕೆಲಸ. ಒಂದು ಪೋರ್ಟಿನ ಒಟ್ಟು ಡೌನ್‌ಲೋಡ್ ವೇಗ 2.488 ಜಿಬಿಪಿಎಸ್, ಅಪ್‌ಲೋಡ್ 1.244. 64 ಮನೆಗೆ ಭಾಗಿಸಿದರೆ ಮನೆಗೊಂದಕ್ಕೆ ಡೌನ್‌ಲೋಡ್ ಸುಮಾರು 39 ಎಂಬಿಪಿಎಸ್, ಅಪ್‌ಲೋಡ್ ಸುಮಾರು 19. ಇದೇ ಪೋರ್ಟಿನ ಮೇಲೆ ನೂರು, ಇನ್ನೂರು, ಮುನ್ನೂರು ಎಂಬಿಪಿಎಸ್ ಪ್ಲಾನ್‌ಗಳನ್ನು ಮಾರುತ್ತಾರೆ.

ಇದು ಮೋಸವಲ್ಲ. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ವೇಗ ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ದೂರಸಂಪರ್ಕ ಜಾಲಗಳು ನಿಂತು ನೂರು ವರ್ಷ ದಾಟಿದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲೇ ಇದರ ಗಣಿತಕ್ಕೆ ತಳಪಾಯ ಹಾಕಿದ. ಇಷ್ಟು ಜನರಿಗೆ ಎಷ್ಟು ಲೈನ್ ಇಟ್ಟರೆ ಸಾಕು ಎಂಬ ಲೆಕ್ಕ ಅದು. ಹೀಗೆ ಹಂಚಿಕೊಳ್ಳುವುದರಿಂದಲೇ ತಿಂಗಳಿಗೆ ಐನೂರು ರೂಪಾಯಿಗೆ ನಮಗೆ ಇಂಟರ್ನೆಟ್ ಸಿಗುತ್ತಿರುವುದು. ಹಂಚಿಕೊಳ್ಳದ, ಖಾತ್ರಿ ವೇಗದ ಲೈನ್ ಬೇಕೆಂದರೆ ಕಂಪನಿಗಳು ಆಫೀಸುಗಳಿಗೆ ಕೊಡುವ ಲೀಸ್ಡ್ ಲೈನ್ ಇದೆ. ಅದರ ಬಿಲ್ ನೋಡಿದವರು ಮನೆಗೆ ಅದನ್ನು ಕೇಳುವುದಿಲ್ಲ.

ಹಂಚಿಕೆ ಎಷ್ಟು ತೆಳುವಾಗಬಹುದು? 2009ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕೊಟ್ಟ ಮಾರ್ಗಸೂಚಿ ಮನೆ ಗ್ರಾಹಕರಿಗೆ 1:50, ವ್ಯಾಪಾರಿ ಗ್ರಾಹಕರಿಗೆ 1:30 ಎಂದಿತ್ತು. ಒಬ್ಬರಿಗೆ ಮಾರಿದಷ್ಟು ವೇಗವನ್ನು ಐವತ್ತು ಮನೆ ಹಂಚಿಕೊಳ್ಳಬಹುದು ಎಂದರ್ಥ. ಈ ಅನುಪಾತವನ್ನು ಇಂದಿನ 40 ಎಂಬಿಪಿಎಸ್ ಪ್ಲಾನಿಗೆ ಹಚ್ಚಿ ನೋಡಿ. ಐವತ್ತೂ ಮನೆ ಒಟ್ಟಿಗೆ ಕೂತರೆ ತಲಾ 0.8 ಎಂಬಿಪಿಎಸ್, ಸರ್ಕಾರದ ವ್ಯಾಖ್ಯೆಯ 2 ಎಂಬಿಪಿಎಸ್‌ಗಿಂತಲೂ ಕೆಳಗೆ. ಫುಲ್ ಎಚ್‌ಡಿಯ ಒಂದು ಚಿತ್ರಕ್ಕೆ ಬೇಕಾದದ್ದು 5 ಎಂಬಿಪಿಎಸ್.

ಹಂಚಿಕೊಳ್ಳುವುದು ಕೆಲಸ ಮಾಡುವುದು ಜನ ಬೇರೆ ಬೇರೆ ಹೊತ್ತಿಗೆ ಬಂದಾಗ. ಈಗ ಬದಲಾಗಿರುವುದೇ ಅದು. 2023ರ ಮೇ ತಿಂಗಳ ಐಪಿಎಲ್ ಫೈನಲ್ಲನ್ನು ಜಿಯೋ ಸಿನಿಮಾದಲ್ಲಿ ಒಂದೇ ಕ್ಷಣಕ್ಕೆ 3.2 ಕೋಟಿ ಜನ ನೋಡುತ್ತಿದ್ದರು. ಅದೇ ವರ್ಷ ನವೆಂಬರ್ 19ರ ವಿಶ್ವಕಪ್ ಫೈನಲ್ ದಿನ ಹಾಟ್‌ಸ್ಟಾರ್‌ನಲ್ಲಿ ಆ ಸಂಖ್ಯೆ 5.9 ಕೋಟಿ ಮುಟ್ಟಿತು. ಅವರಲ್ಲಿ ಬಹಳ ಮಂದಿ ಮೊಬೈಲ್‌ನಲ್ಲಿದ್ದರು, ನಿಜ. ಆದರೆ ಟಿವಿಯೇ ಇಂಟರ್ನೆಟ್ಟಿಗೆ ಬರುತ್ತಿರುವಾಗ ದಿಕ್ಕು ಸ್ಪಷ್ಟ. ಹಳೆಯ ಕೇಬಲ್ ಟಿವಿಯಲ್ಲಿ ಕೇಬಲ್‌ನವರು ಒಂದೇ ಸಿಗ್ನಲ್ಲನ್ನು ಇಡೀ ಊರಿಗೆ ಹರಿಸುತ್ತಿದ್ದರು, ಹತ್ತು ಮನೆ ನೋಡಲಿ ಸಾವಿರ ಮನೆ ನೋಡಲಿ ತಂತಿಯ ಮೇಲಿನ ಹೊರೆ ಒಂದೇ. ಅದೇ ಕೇಬಲ್‌ನವರು ಈಗ ಫೈಬರ್ ಎಳೆದಿದ್ದಾರೆ, ಅದೇ ಪಂದ್ಯ ಬರುತ್ತಿದೆ, ಆದರೆ ಮನೆ ಮನೆಗೂ ಬೇರೆ ಬೇರೆ ಪ್ರತಿ ಹೋಗಬೇಕು. ಒಂದು ಮನೆಯಲ್ಲಿ ಎರಡು ಟಿವಿ ಇದ್ದರೆ ಎರಡು ಪ್ರತಿ.

‘ಅನ್‌ಲಿಮಿಟೆಡ್’ ಎಂದು ಮಾರುವ ಹಲವು ಪ್ಲಾನ್‌ಗಳ ಒಳಗಿನ ಮಿತಿ ತಿಂಗಳಿಗೆ 3,300 ಜಿಬಿ. ಕಂಪನಿಯೇ ಕೊಡುತ್ತೇನೆಂದು ಒಪ್ಪಿದ ಈ ಪಾಲನ್ನು ಒಬ್ಬ ಗ್ರಾಹಕ ಮೂವತ್ತು ದಿನ ಸಮನಾಗಿ ಬಳಸಿದರೆ ಹಗಲೂ ರಾತ್ರಿ ಅವನಿಗೆ 10 ಎಂಬಿಪಿಎಸ್ ಹರಿಯುತ್ತಲೇ ಇರಬೇಕು. ಯಾರೂ ಅಷ್ಟು ಬಳಸುವುದಿಲ್ಲ ಎಂಬ ಧೈರ್ಯದ ಮೇಲೆ ಆ ಅಂಕಿ ಜಾಹೀರಾತಿಗೆ ಹೋಗಿದೆ. ಮನೆ ಮುಂದೆ ಸಿಸಿಟಿವಿ ಹಾಕಿಸಿ, ಅದರ ಚಿತ್ರವನ್ನು ಕ್ಲೌಡಿಗೆ ಕಳಿಸಲು ಬಿಟ್ಟವರ ಸಂಖ್ಯೆ ಹೆಚ್ಚಿದಂತೆ ಆ ಧೈರ್ಯ ಕರಗುತ್ತದೆ. ಕ್ಯಾಮೆರಾಕ್ಕೆ ನಿದ್ದೆ ಇಲ್ಲ. ಅದೂ ಅಪ್‌ಲೋಡ್ ದಾರಿಯನ್ನು ಹಿಡಿದು ಕೂರುತ್ತದೆ, ಜಿಪಾನ್‌ನಲ್ಲಿ ಅರ್ಧ ಅಗಲವಿರುವ ದಾರಿಯನ್ನು.

ಇನ್ನು ಈ ಎಚ್ಚರಿಕೆಯ ಮುಖ್ಯ ಭಾಗ. ಬಳಕೆ ಮೆಲ್ಲಗೆ ಏರಿದರೆ ವೇಗವೂ ಮೆಲ್ಲಗೆ ಇಳಿಯುತ್ತದೆ, ಅಷ್ಟರಲ್ಲಿ ಸರಿಮಾಡಿಕೊಳ್ಳಬಹುದು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಸರದಿ ಸಿದ್ಧಾಂತದ ಅತಿ ಸರಳ ಸೂತ್ರವನ್ನೇ ತೆಗೆದುಕೊಳ್ಳಿ. ಲಿಂಕ್ ಅರ್ಧ ತುಂಬಿದ್ದಾಗ ಒಂದು ಡೇಟಾ ಪ್ಯಾಕೆಟ್ ದಾಟಲು ಹಿಡಿಯುವ ಸಮಯ ಖಾಲಿ ಲಿಂಕಿನ ಎರಡು ಪಟ್ಟು. ಶೇ 80 ತುಂಬಿದಾಗ ಐದು ಪಟ್ಟು. ಶೇ 90ಕ್ಕೆ ಹತ್ತು, 95ಕ್ಕೆ ಇಪ್ಪತ್ತು, 99ಕ್ಕೆ ನೂರು ಪಟ್ಟು. 80ರಿಂದ 95ಕ್ಕೆ ಬಳಕೆ ಹೆಚ್ಚಿದ್ದು ಐದರಲ್ಲೊಂದು ಪಾಲಿಗಿಂತಲೂ ಕಡಿಮೆ, ಕಾಯುವ ಹೊತ್ತು ನಾಲ್ಕು ಪಟ್ಟು. ಟ್ರಾಯ್‌ನ 2006ರ ಗುಣಮಟ್ಟ ನಿಯಮ ದಟ್ಟಣೆಯ ಹೊತ್ತಿನಲ್ಲಿ ಲಿಂಕ್ ಬಳಕೆ ಶೇ 80ರೊಳಗಿರಬೇಕು ಎಂದದ್ದು ಸುಮ್ಮನೆ ಅಲ್ಲ.

ಈ ಸೂತ್ರವೂ ನಿಜಸ್ಥಿತಿಯನ್ನು ಮೆದುಗೊಳಿಸಿಯೇ ಹೇಳುತ್ತದೆ. ಟೆಲಿಫೋನ್ ಕರೆಗಳ ಏರಿಳಿತ, ಜನ ಹೆಚ್ಚಿದಂತೆ ಒಂದಕ್ಕೊಂದು ಕಳೆದು ಸಮವಾಗುತ್ತಿತ್ತು. ಕಂಪ್ಯೂಟರ್ ಜಾಲದ ದಟ್ಟಣೆ ಹಾಗೆ ಸಮವಾಗುವುದಿಲ್ಲ, ಸೆಕೆಂಡಿನಲ್ಲಿ ನೋಡಿದರೂ ಗಂಟೆಯಲ್ಲಿ ನೋಡಿದರೂ ಅದೇ ಅಂಕುಡೊಂಕು ಉಳಿಯುತ್ತದೆ ಎಂದು ಲೆಲಾಂಡ್ ಮತ್ತು ಸಂಗಡಿಗರು ಅಳೆದು ತೋರಿಸಿದ ಪ್ರಬಂಧ ಬಂದದ್ದು 1994ರಲ್ಲಿ. ಆದ್ದರಿಂದ ಸರಾಸರಿ ಚೆನ್ನಾಗಿರುವ ಜಾಲವೂ ಇದ್ದಕ್ಕಿದ್ದಂತೆ ಉಸಿರುಗಟ್ಟಬಲ್ಲದು. ಇಂದು ಶೇ 75ರಲ್ಲಿ ನೆಮ್ಮದಿಯಾಗಿರುವ ಒಂದು ಸಣ್ಣ ಪಟ್ಟಣದ ಲಿಂಕ್, ನೂರು ಹೊಸ ಮನೆ ಸೇರಿದ ತಿಂಗಳು ಬರೀ ತುಸು ನಿಧಾನವಾಗುವುದಿಲ್ಲ, ಸಂಜೆ ಹೊತ್ತು ಎಲ್ಲರಿಗೂ ಕೆಡುತ್ತದೆ.

ಹಳ್ಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಟ್ರಾನ್ಸ್‌ಫಾರ್ಮರ್ ಮೇಲೆ ಪಂಪ್‌ಸೆಟ್ ಹೆಚ್ಚಾದಾಗ ಲೋ ವೋಲ್ಟೇಜ್ ಬಂದು ಮೋಟಾರ್ ಸುಡುವುದನ್ನು ಅವರು ಕಂಡಿದ್ದಾರೆ. ವ್ಯತ್ಯಾಸವೆಂದರೆ ವೋಲ್ಟೇಜಿಗೆ ಒಂದು ಕೆಳಮಿತಿ ನಿಯಮದಲ್ಲೇ ಬರೆದಿದೆ, ಅಳೆಯುವ ಮೀಟರಿದೆ, ಬಲ್ಬ್ ಮಂಕಾದದ್ದು ಕಣ್ಣಿಗೆ ಕಾಣುತ್ತದೆ. ಇಂಟರ್ನೆಟ್ ಇಳಿದದ್ದಕ್ಕೆ ದೀಪವೇ ಇಲ್ಲ. ಫೈಬರ್ ಕಟ್ ಆದರೆ ಮೋಡೆಮ್‌ನಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗುತ್ತದೆ. ದಟ್ಟಣೆಯಾದಾಗ ಎಲ್ಲ ದೀಪವೂ ಹಸಿರು. ದೂರು ಕೊಟ್ಟರೆ ನಡೆಯುವ ಸಂಭಾಷಣೆ ಎಲ್ಲರಿಗೂ ಬಾಯಿಪಾಠ.

‘ಸರ್, ಲೈಟ್ ಯಾವ ಕಲರ್ ಇದೆ?’

‘ಹಸಿರು.’

‘ಹಾಗಾದ್ರೆ ನಮ್ಮ ಕಡೆಯಿಂದ ಓಕೆ ಇದೆ ಸರ್. ರೂಟರ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಆನ್ ಮಾಡಿ ನೋಡಿ.’

ಆಫ್ ಮಾಡಿ, ಆನ್ ಮಾಡಿ, ಮತ್ತೆ ಫೋನ್ ಮಾಡುವಷ್ಟರಲ್ಲಿ ಹನ್ನೊಂದಾಗಿರುತ್ತದೆ. ಬೀದಿಯವರೆಲ್ಲ ಮಲಗಿರುತ್ತಾರೆ, ವೇಗ ತಾನಾಗಿ ಮರಳಿರುತ್ತದೆ. ದೂರು ‘ಪರಿಹರಿಸಲಾಗಿದೆ’ ಎಂದು ಮುಚ್ಚಿಹೋಗುತ್ತದೆ.

ಸ್ಪೀಡ್ ಟೆಸ್ಟ್ ಇದೆಯಲ್ಲ ಎನ್ನಬಹುದು. ಅದು ಸಾಮಾನ್ಯವಾಗಿ ಹತ್ತಿರದ ಸರ್ವರನ್ನು ಆರಿಸಿಕೊಳ್ಳುತ್ತದೆ. ಎಷ್ಟೋ ಸಲ ಆ ಸರ್ವರ್ ನಿಮ್ಮ ಕಂಪನಿಯ ಜಾಲದೊಳಗೇ ಇರುತ್ತದೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂಥವರ ಜನಪ್ರಿಯ ವಿಡಿಯೋಗಳೂ ಕಂಪನಿಯೊಳಗಿನ ಪೆಟ್ಟಿಗೆಗಳಲ್ಲಿ ಶೇಖರವಾಗಿರುತ್ತವೆ. ಹಾಗಾಗಿ ಟೆಸ್ಟ್‌ನಲ್ಲಿ 98 ತೋರಿಸುತ್ತದೆ, ಸಿನಿಮಾ ಓಡುತ್ತದೆ, ಆದರೆ ಮಗಳ ಆನ್‌ಲೈನ್ ಪರೀಕ್ಷೆಯ ಪುಟ ತೆರೆಯುವುದಿಲ್ಲ. ಕಂಪನಿಯಿಂದ ಹೊರಗೆ ಹೋಗುವ ಲಿಂಕ್ ತುಂಬಿದೆ ಎಂಬುದಕ್ಕೆ ಮನೆಯಲ್ಲಿ ಕುಳಿತವರ ಬಳಿ ಸಾಕ್ಷ್ಯ ಇರುವುದಿಲ್ಲ.

ಏಟು ಬೀಳುವುದು ಯಾರಿಗೆ? ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೂರು ಕಂಪನಿ ಬಾಗಿಲು ತಟ್ಟುತ್ತವೆ, ಒಂದು ಬೇಡವೆಂದರೆ ಇನ್ನೊಂದು. ತೀರ್ಥಹಳ್ಳಿ, ಸಿದ್ದಾಪುರ, ಸುಳ್ಯದ ಕಡೆ ಒಳಗಿನ ಊರುಗಳಲ್ಲಿ ಒಂದೇ ಲೈನ್ ಇದ್ದರೆ ಅದೇ ಭಾಗ್ಯ. ಕೋವಿಡ್ ಕಾಲದಲ್ಲಿ ಊರಿಗೆ ಮರಳಿ, ಅಲ್ಲೇ ಉಳಿದು ಕೆಲಸ ಮಾಡುತ್ತಿರುವ ಮಲೆನಾಡಿನ ಹುಡುಗ ಹುಡುಗಿಯರ ಸಂಬಳ ಆ ಒಂದು ಎಳೆಯ ಮೇಲೆ ನಿಂತಿದೆ. ಅಮೆರಿಕದ ತಂಡದೊಂದಿಗೆ ಮೀಟಿಂಗ್ ಎಂದರೆ ನಮ್ಮ ಸಂಜೆ ಹೊತ್ತೇ, ಅಂದರೆ ದಟ್ಟಣೆಯ ಹೊತ್ತೇ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯಿಂದ ಬಂದ ಚಿತ್ರ ನೆನಪಿರಬಹುದು: ಮಳೆಯಲ್ಲಿ ರಸ್ತೆ ಬದಿಗೆ ಕೂತು ಮಗಳು ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ಸಂಪರ್ಕವೇ ಇಲ್ಲದ ಕಷ್ಟ ಹೀಗೆ ಕಣ್ಣಿಗೆ ಕಾಣುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಸಂಪರ್ಕ ಇದ್ದೂ ಕೆಲಸಕ್ಕೆ ಬಾರದ ಕಷ್ಟದ ಚಿತ್ರ ಯಾರೂ ತೆಗೆಯುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ಆ ಮನೆ ‘ಬ್ರಾಡ್‌ಬ್ಯಾಂಡ್ ತಲುಪಿದ ಮನೆ’. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ 1,39,579 ಕೋಟಿ ರೂಪಾಯಿಗಳ ಭಾರತ್‌ನೆಟ್ ಯೋಜನೆ ಇಂಥ ಮನೆಗಳನ್ನು ಕೋಟಿಯ ಲೆಕ್ಕದಲ್ಲಿ ಸೇರಿಸಲು ಹೊರಟಿದೆ. ಎಷ್ಟು ಮನೆ ಎಂದು ಎಣಿಸುತ್ತಾರೆ. ಒಂಬತ್ತು ಗಂಟೆಗೆ ಎಷ್ಟು ವೇಗ ಎಂದೂ ಎಣಿಸದಿದ್ದರೆ ಅಷ್ಟು ಹಣದಲ್ಲಿ ನಾವು ಕೊಳ್ಳುವುದು ಹಸಿರು ದೀಪಗಳನ್ನು.

ಫೈಬರ್ ಎಳೆಯುವ ರಗಳೆಯೇ ಬೇಡವೆಂದು 2023ರಿಂದ ಏರ್‌ಫೈಬರ್ ಬಂದಿದೆ. ಮನೆಯ ಮೇಲೆ ಒಂದು ಡಬ್ಬಿ, ಟವರಿನಿಂದ ನೇರ 5ಜಿ. ಸಂತೋಷ. ಆದರೆ ಆ ಟವರಿನ ತರಂಗಾಂತರವನ್ನು ಬೀದಿಯ ಮೊಬೈಲ್‌ಗಳೂ ಹಂಚಿಕೊಳ್ಳುತ್ತವೆ, ದೂರ, ಗೋಡೆ, ಮರದ ಸೊಪ್ಪು ಎಲ್ಲವೂ ವೇಗ ತಿನ್ನುತ್ತವೆ. ಫೈಬರಿನಲ್ಲಿ ಇನ್ನೊಂದು ಎಳೆ ಹಾಕಬಹುದು. ಗಾಳಿಯಲ್ಲಿ ಇನ್ನೊಂದು ಗಾಳಿ ಹಾಕಲಾಗದು.

ಬೇರೆ ದೇಶಗಳು ಈ ಗುಂಡಿಯನ್ನು ಕಂಡು ಬೇಲಿ ಹಾಕಿವೆ. ಬ್ರಿಟನ್‌ನಲ್ಲಿ 2018ರವರೆಗೆ ಹತ್ತರಲ್ಲಿ ಒಬ್ಬ ಗ್ರಾಹಕನಿಗೆ ಸಿಗುವ ವೇಗವನ್ನೇ ಜಾಹೀರಾತಿನಲ್ಲಿ ಹಾಕಬಹುದಿತ್ತು. ಆ ವರ್ಷದ ಮೇ ತಿಂಗಳಿಂದ, ರಾತ್ರಿ 8ರಿಂದ 10ರ ನಡುವೆ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವನ್ನಷ್ಟೇ ಹೇಳಬೇಕೆಂದು ನಿಯಮವಾಯಿತು. 2019ರ ಮಾರ್ಚ್‌ನಿಂದ, ನೀತಿಸಂಹಿತೆಗೆ ಸಹಿ ಹಾಕಿದ ಕಂಪನಿಗಳು ಸಂಪರ್ಕ ಮಾರುವ ಮುಂಚೆಯೇ ಕನಿಷ್ಠ ಖಾತ್ರಿ ವೇಗ ತಿಳಿಸಬೇಕು. ಅದಕ್ಕಿಂತ ಇಳಿದು 30 ದಿನದಲ್ಲಿ ಸರಿಹೋಗದಿದ್ದರೆ ಗ್ರಾಹಕ ದಂಡವಿಲ್ಲದೆ ಬಿಟ್ಟು ಹೋಗಬಹುದು. ಜರ್ಮನಿಯಲ್ಲಿ 2021ರ ಡಿಸೆಂಬರ್‌ನಿಂದ, ನಿಯಂತ್ರಣ ಸಂಸ್ಥೆಯದೇ ತಂತ್ರಾಂಶದಲ್ಲಿ ಅಳೆದು ಸಾಬೀತಾದರೆ ವೇಗ ಕಡಿಮೆಯಾದಷ್ಟು ಬಿಲ್ಲನ್ನೂ ಕಡಿಮೆ ಕಟ್ಟುವ ಹಕ್ಕಿದೆ.

ದಕ್ಷಿಣ ಕೊರಿಯಾದ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಅಲ್ಲಿ 2021ರ ಏಪ್ರಿಲ್‌ನಲ್ಲಿ ಒಬ್ಬ ಯೂಟ್ಯೂಬರ್ ತಾನು ದುಡ್ಡು ಕೊಡುತ್ತಿರುವ 10 ಜಿಬಿಪಿಎಸ್ ಸಂಪರ್ಕದಲ್ಲಿ ಬರುತ್ತಿರುವುದು ಬರೀ 100 ಎಂಬಿಪಿಎಸ್ ಎಂದು ತೋರಿಸಿದ. ಗದ್ದಲವಾಯಿತು, ತನಿಖೆಯಾಯಿತು, ಜುಲೈನಲ್ಲಿ ಕೆಟಿ ಕಂಪನಿಗೆ 50 ಕೋಟಿ ವಾನ್ ದಂಡ ಬಿತ್ತು. ಜಗತ್ತಿನ ಅತಿ ವೇಗದ ಜಾಲಗಳಲ್ಲೊಂದರಲ್ಲೂ ಯಾರೋ ಅಳೆಯುವವರೆಗೆ ಅದು ಹೊರಬೀಳಲಿಲ್ಲ. ಅಲ್ಲಿ ಕನಿಷ್ಠ ಖಾತ್ರಿ ವೇಗ ಎಂಬುದು ಮೊದಲೇ ಕರಾರಿನಲ್ಲಿತ್ತು. ಅರ್ಧ ಗಂಟೆಯಲ್ಲಿ ಐದು ಸಲ ಅಳೆದು ಮೂರು ಸಲ ಅದಕ್ಕಿಂತ ಕೆಳಗಿದ್ದರೆ ಆ ದಿನದ ಶುಲ್ಕ ಮನ್ನಾ. ಆ ಹಗರಣದ ನಂತರ, ಕೆಳಗಿದ್ದ ಖಾತ್ರಿಯನ್ನು ಮಾರಿದ ವೇಗದ ಅರ್ಧಕ್ಕೆ ಏರಿಸಿದರು.

ಅಳೆದು ಪ್ರಕಟಿಸಿದರೇ ಸಾಕು, ಎಷ್ಟೋ ಸರಿಹೋಗುತ್ತದೆ ಎನ್ನುವುದಕ್ಕೆ ಅಮೆರಿಕದ ಸಾಕ್ಷ್ಯ ಇದೆ. ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2011ರಲ್ಲಿ ಸಾವಿರಾರು ಮನೆಗಳಲ್ಲಿ ಅಳತೆ ಪೆಟ್ಟಿಗೆ ಇಟ್ಟು ಮೊದಲ ವರದಿ ಕೊಟ್ಟಾಗ ಕೇಬಲ್‌ವಿಷನ್ ಕಂಪನಿ ದಟ್ಟಣೆಯ ಹೊತ್ತಿನಲ್ಲಿ ಹೇಳಿದ ವೇಗದ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಕೊಡುತ್ತಿತ್ತು. ಮರುವರ್ಷದ ವರದಿಯಲ್ಲಿ ಅದೇ ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟಿತ್ತು. ಹೆಸರು ಹಾಕಿ ಅಂಕಿ ಬರೆದದ್ದು ಕೆಲಸ ಮಾಡಿತು.

ನಮ್ಮಲ್ಲೂ ನಿಯಮವೇ ಇಲ್ಲ ಎಂದಲ್ಲ. ಕೊಂಡ ವೇಗದ ಶೇ 80ಕ್ಕಿಂತ ಹೆಚ್ಚು ಸಿಗಬೇಕು ಎಂದು 2006ರ ನಿಯಮದಲ್ಲೇ ಇತ್ತು. 2016ರಲ್ಲಿ, ಡೇಟಾ ಮಿತಿ ಮುಗಿದ ಮೇಲೂ ವೇಗವನ್ನು 512 ಕೆಬಿಪಿಎಸ್‌ಗಿಂತ ಇಳಿಸಬಾರದು ಎಂದು ಟ್ರಾಯ್ ಆದೇಶಿಸಿತು. 2024ರ ಅಕ್ಟೋಬರ್‌ನಿಂದ ಜಾರಿಯಾದ ಹೊಸ ಗುಣಮಟ್ಟ ನಿಯಮಗಳು ಒಂದು ಮಾನದಂಡ ತಪ್ಪಿದ್ದಕ್ಕೆ ದಂಡವನ್ನು 50 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿಸಿದವು. ಆದರೆ ಈ ಅಂಕಿಗಳನ್ನು ಅಳೆದು ವರದಿ ಮಾಡುವುದು ಮುಖ್ಯವಾಗಿ ಕಂಪನಿಗಳೇ. ದಂಡ ಹೋಗುವುದು ಸರ್ಕಾರಕ್ಕೆ. ಮೂರು ತಿಂಗಳು ಸಂಜೆ ಸಂಜೆ ಪರದಾಡಿದ ಮನೆಗೆ ಒಂದು ರೂಪಾಯಿಯೂ ಮರಳುವುದಿಲ್ಲ.

ಖಾತ್ರಿ ಕೊಡಲು ಹೊಸ ಯಂತ್ರ ಬೇಕಿಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. ಜಿಪಾನ್ ಮಾನದಂಡದಲ್ಲೇ ಅಪ್‌ಲೋಡ್ ಹಂಚಿಕೆಗೆ ಬೇರೆ ಬೇರೆ ದರ್ಜೆಗಳಿವೆ. ಒಂದು ಪೂರ್ತಿ ಕಾಯ್ದಿರಿಸಿದ್ದು, ಒಂದು ಖಾತ್ರಿಯದು, ಇನ್ನೊಂದು ಉಳಿದರೆ ಕೊಡುವಂಥದ್ದು. ಡೌನ್‌ಲೋಡಿಗೂ ಕನಿಷ್ಠ ದರ ಮತ್ತು ಗರಿಷ್ಠ ದರ ಎಂದು ಎರಡು ಬೇರೆ ಸೆಟ್ಟಿಂಗ್‌ಗಳನ್ನು ಕೊಡುವ ಒಎಲ್‌ಟಿಗಳು ಸಾಮಾನ್ಯ. ಜಾಹೀರಾತಿನಲ್ಲಿ ಬರುವುದು ಗರಿಷ್ಠ ದರ. ಮನೆ ಗ್ರಾಹಕರನ್ನು ಸಾಮಾನ್ಯವಾಗಿ ಹಾಕುವುದು ‘ಉಳಿದರೆ ಕೊಡು’ ದರ್ಜೆಗೆ. ಇದು ಒಂದು ಕಾನ್ಫಿಗರೇಷನ್ ಪುಟದ ವಿಷಯ. ಅದರ ಹಿಂದೆ ಆಫೀಸಿನಿಂದಾಚೆಗಿನ ಲಿಂಕನ್ನು ದೊಡ್ಡದು ಮಾಡುವ ಖರ್ಚು ಮಾತ್ರ ನಿಜವಾದದ್ದು.

ಆ ಖರ್ಚಿನ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಇಂಟರ್ನೆಟ್ ಕಂಪನಿಗಳಿವೆ, ಹೆಚ್ಚಿನವು ಒಂದೆರಡು ತಾಲೂಕಿನ ಸಣ್ಣವು. ಮಾರಿದ ವೇಗದ ಮುಕ್ಕಾಲನ್ನು ಖಾತ್ರಿ ಕೊಡಿ ಎಂದರೆ ಮೊದಲು ಬಾಗಿಲು ಹಾಕುವವರು ಅವರೇ. ಆಮೇಲೆ ಇಬ್ಬರೋ ಮೂವರೋ ದೊಡ್ಡವರು ಉಳಿಯುತ್ತಾರೆ, ಅದೂ ನಮಗೆ ಒಳ್ಳೆಯದಲ್ಲ. ನನ್ನ ಅಭಿಪ್ರಾಯದಲ್ಲಿ ಖಾತ್ರಿ ಸಣ್ಣದಿರಲಿ, ಗಟ್ಟಿಯಾಗಿರಲಿ. ಸಂಜೆ 7ರಿಂದ 11ರ ನಡುವೆ ಮಾರಿದ ವೇಗದ ಕಾಲುಭಾಗ, ಅಪ್‌ಲೋಡಿಗೂ ಒಂದು ಅಂಕಿ, ಜೊತೆಗೆ ಪ್ಯಾಕೆಟ್ ವಿಳಂಬಕ್ಕೊಂದು ಮಿತಿ. ಅಳತೆಯು ಕಂಪನಿಯ ಜಾಲದ ಹೊರಗಿನ ಸರ್ವರ್‌ವರೆಗೆ ಆಗಲಿ. 40ರ ಪ್ಲಾನಿಗೆ ಅದು 10 ಎಂಬಿಪಿಎಸ್. 64 ಮನೆಯ ಜಿಪಾನ್ ಎಳೆ ತಲಾ ಸುಮಾರು 39ನ್ನು ಹೊರಬಲ್ಲದು ಎಂದು ಮೇಲೆ ಲೆಕ್ಕ ಹಾಕಿದ್ದೇವೆ. ತಪ್ಪಿದರೆ ಮುಂದಿನ ಬಿಲ್ಲಿನಲ್ಲಿ ತಾನಾಗಿ ಕಡಿತ, ಅರ್ಜಿ ಇಲ್ಲದೆ. ಅಷ್ಟು ಕೊಡಲಾಗದವರು ಮಾರುವ ಅಂಕಿಯನ್ನು ಇಳಿಸಲಿ. 40ನ್ನು 20 ಎಂದು ಮಾರುವುದರಿಂದ ಯಾರ ವ್ಯಾಪಾರವೂ ಮುಳುಗುವುದಿಲ್ಲ, ಜಾಹೀರಾತು ಸ್ವಲ್ಪ ಸಪ್ಪೆಯಾಗಬಹುದು. ಏರ್‌ಫೈಬರಿಗೆ ಬೇರೆಯದೇ, ಇನ್ನೂ ಕಡಿಮೆ ಅಂಕಿ ಇರಲಿ, ಆದರೆ ಇರಲಿ. ಪ್ಲಾನಿನ ಬೆಲೆ ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಏರಿದರೂ ಇದು ಕೊಡಬಹುದಾದ ಬೆಲೆ ಎಂದೇ ನಾನು ಹೇಳುವುದು.

ಕಂಪನಿಗಳ ಇನ್ನೊಂದು ಆಕ್ಷೇಪ ಮನೆಯೊಳಗಿನ ವೈಫೈ ಬಗ್ಗೆ. ಅದು ನ್ಯಾಯವಾದದ್ದೇ. ರೂಟರ್ ದೇವರ ಕೋಣೆಯಲ್ಲಿಟ್ಟು ಮಹಡಿಯ ಮೇಲೆ ವೇಗ ಇಲ್ಲವೆಂದರೆ ಕಂಪನಿ ಏನು ಮಾಡೀತು? ಅದಕ್ಕೇ ಅಳತೆ ವೈಫೈನಲ್ಲಿ ಬೇಡ, ರೂಟರಿಗೆ ನೇರ ಲ್ಯಾನ್ ಕೇಬಲ್ ಚುಚ್ಚಿ ಆಗಲಿ. ಆಗ ತಪ್ಪು ಯಾರದೆಂಬ ವಾದವೇ ಉಳಿಯುವುದಿಲ್ಲ.

ನಿಯಮ ಬರುವವರೆಗೆ ಕಾಯಬೇಕಿಲ್ಲ. ಒಂದು ವಾರ ಬೆಳಿಗ್ಗೆ ಆರಕ್ಕೂ ರಾತ್ರಿ ಒಂಬತ್ತಕ್ಕೂ ಲ್ಯಾನ್ ಕೇಬಲ್ ಹಾಕಿ, ಬೇರೆ ಕಂಪನಿಯ ಸರ್ವರ್ ಆರಿಸಿ, ವೇಗ ಅಳೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಎರಡರ ನಡುವಿನ ಅಂತರವೇ ನಿಮ್ಮ ಸಾಕ್ಷ್ಯ. ದೂರು ಕೊಟ್ಟಾಗ ಡಾಕೆಟ್ ನಂಬರ್ ಕೇಳಿ ಪಡೆಯಿರಿ, ಪರಿಹಾರವಾಗದಿದ್ದರೆ ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಬರೆಯಿರಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ದೂರಸಂಪರ್ಕ ಸೇವೆಯ ದೂರನ್ನು ಗ್ರಾಹಕರು ಅಲ್ಲಿಗೆ ಒಯ್ಯಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ಇನ್ನೊಂದು ಕೆಲಸವೂ ಇದೆ. ಟ್ರಾಯ್ ಯಾವುದೇ ನಿಯಮ ಮಾಡುವ ಮುಂಚೆ ಸಮಾಲೋಚನಾ ಪತ್ರ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಕಂಪನಿಗಳು ಅದಕ್ಕೆ ಪುಟಗಟ್ಟಲೆ ಉತ್ತರ ಬರೆಯುತ್ತವೆ. ಮುಂದಿನ ಸಲ ಬ್ರಾಡ್‌ಬ್ಯಾಂಡ್ ಗುಣಮಟ್ಟದ ಪತ್ರ ಬಂದಾಗ, ನಿಮ್ಮ ಆ ಹದಿನಾಲ್ಕು ಅಂಕಿಗಳನ್ನು ಹಾಕಿ ನೀವೂ ಒಂದು ಪುಟ ಬರೆದು ಕಳಿಸಿ.